ಮಷೀನ್ ಹುಡುಕಲು ಹೋಗಿ ಡಾಕ್ಟರನ್ನು ಆರಿಸಿಕೊಂಡೆ: ನನ್ನ ಲೈಪೋಸಕ್ಷನ್ ಅನುಭವ

ನನ್ನ ತೂಕ ನಾಲ್ಕು ವರ್ಷದಿಂದ ಹೆಚ್ಚುಕಡಿಮೆ ಒಂದೇ ಇತ್ತು. ಎಷ್ಟು ವ್ಯಾಯಾಮ ಮಾಡಿದರೂ ತೊಡೆಯ ಹೊರಬದಿಯ ಕೊಬ್ಬು ಮಾತ್ರ ಜಗ್ಗಲಿಲ್ಲ. ಲೈಪೋಸಕ್ಷನ್, ಅಂದರೆ ಚರ್ಮದಡಿಯ ಕೊಬ್ಬನ್ನು ಕೊಳವೆಯಿಂದ ಎಳೆದು ತೆಗೆಯುವ ಆಪರೇಷನ್, ಮಾಡಿಸೋಣ ಅಂತ ಗಟ್ಟಿ ಮಾಡಿಕೊಂಡ ಮೇಲೆ ಎರಡು ತಿಂಗಳು ನಾನು ಓದಿದ್ದೆಲ್ಲ ಬರೀ ಮಷೀನ್‌ಗಳ ಬಗ್ಗೆ. ವೇಸರ್ ಒಳ್ಳೆಯದಾ, ಲೇಸರ್ ಒಳ್ಳೆಯದಾ, ಇದೇ ಯೋಚನೆ.

ಓದಿ ಅರ್ಥವಾಗಿದ್ದು ಇಷ್ಟು. ಈಗಿನ ಬಹುತೇಕ ವಿಧಾನಗಳ ಬುಡ ಒಂದೇ, ಟ್ಯುಮೆಸೆಂಟ್. ಉಪ್ಪುನೀರಿಗೆ ಮರಗಟ್ಟಿಸುವ ಲಿಡೋಕೇನ್ ಮತ್ತು ರಕ್ತನಾಳ ಬಿಗಿಯುವ ಅಡ್ರಿನಲಿನ್ ಸೇರಿಸಿ ಕೊಬ್ಬಿನೊಳಗೆ ತುಂಬುತ್ತಾರೆ. 1980ರ ದಶಕದಲ್ಲಿ ಜೆಫ್ರಿ ಕ್ಲೈನ್ ಎಂಬ ಅಮೆರಿಕದ ಚರ್ಮವೈದ್ಯರು ಇದನ್ನು ರೂಪಿಸಿದರು. ಅದಕ್ಕೂ ಮುಂಚೆ ರಕ್ತ ತುಂಬಾ ಹೋಗುತ್ತಿತ್ತಂತೆ. ಆಮೇಲೆ ಕೊಬ್ಬನ್ನು ಎಳೆಯುವ ರೀತಿಯಲ್ಲಷ್ಟೇ ವ್ಯತ್ಯಾಸ. ಮಾಮೂಲಿ ವಿಧಾನದಲ್ಲಿ ಸರ್ಜನ್ ಕೈಯಿಂದಲೇ ಕ್ಯಾನ್ಯುಲಾ ಅನ್ನೋ ಸಣ್ಣ ಕೊಳವೆಯನ್ನು ಹಿಂದೆ ಮುಂದೆ ಆಡಿಸುತ್ತಾರೆ. ಪವರ್ ಅಸಿಸ್ಟೆಡ್‌ನಲ್ಲಿ ಕೊಳವೆಯೇ ಅದುರುತ್ತದೆ, ಕೈಗೆ ಶ್ರಮ ಕಡಿಮೆ. ವೇಸರ್ ಅಂದರೆ ಅಲ್ಟ್ರಾಸೌಂಡ್‌ನಿಂದ ಕೊಬ್ಬನ್ನು ಮೊದಲು ಸಡಿಲ ಮಾಡಿ ಆಮೇಲೆ ಎಳೆಯೋದು. ಬೆನ್ನು, ಗಂಡಸರ ಎದೆ, ಮುಂಚೆ ಒಮ್ಮೆ ಆಪರೇಷನ್ ಆದ ಜಾಗ, ಹೀಗೆ ನಾರುನಾರಾಗಿ ಬಿಗಿದಿರುವ ಕಡೆ ಇದು ಉಪಯೋಗಕ್ಕೆ ಬರುತ್ತದೆ. ಲೇಸರ್‌ನಲ್ಲಿ ಶಾಖದಿಂದ ಕೊಬ್ಬು ಕರಗಿಸುತ್ತಾರೆ, ಚರ್ಮವೂ ಬಿಗಿಯಾಗುತ್ತದೆ ಅನ್ನುತ್ತಾರೆ. ಆದರೆ ಶಾಖ ಇದ್ದಲ್ಲಿ ಸುಡುವ ಅಪಾಯವೂ ಇದ್ದೇ ಇರುತ್ತದೆ ಅಲ್ವಾ?

ಮೊದಲು ಹೋದ ಕ್ಲಿನಿಕ್‌ನಲ್ಲಿ ನನ್ನ ಜೊತೆ ಮಾತಾಡಿದ್ದು ಡಾಕ್ಟರ್ ಅಲ್ಲ, ಒಬ್ಬ ಕೌನ್ಸೆಲರ್. ನನ್ನ ತೊಡೆಯನ್ನು ಯಾರೂ ಮುಟ್ಟಿಯೂ ನೋಡಲಿಲ್ಲ. ಆಗಲೇ ಲೇಸರ್ ಅಂತ ಬರೆದು, ಹೊಟ್ಟೆಯನ್ನೂ ಸೇರಿಸಿಕೊಳ್ಳಿ, ಇವತ್ತೇ ಅಡ್ವಾನ್ಸ್ ಕೊಟ್ಟರೆ ಕಡಿಮೆ ಮಾಡ್ತೀವಿ ಅಂದರು. ನನಗೆ ನಿಜಕ್ಕೂ ಸಿಟ್ಟು ಬಂತು. ಇದು ಆಪರೇಷನ್, ಸಾಮಾನು ಖರೀದಿ ಅಲ್ಲ.

ಎರಡನೆಯವರು ಪ್ಲಾಸ್ಟಿಕ್ ಸರ್ಜನ್. ನನ್ನನ್ನು ನಿಲ್ಲಿಸಿ, ತೊಡೆಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ನೋಡಿದರು. ಚರ್ಮ ಎಳೆದು ಬಿಟ್ಟರು, ಎಷ್ಟು ಬೇಗ ವಾಪಸ್ ಕೂರುತ್ತೆ ಅಂತ. ಹೊಟ್ಟೆ ಬಗ್ಗೆ ಕೇಳಿದ್ದಕ್ಕೆ, "ಬೆರಳಿಗೆ ಸಿಗೋದನ್ನ ತೆಗೀಬಹುದು. ನಿಮಗೆ ಅಲ್ಲಿ ಬೆರಳಿಗೆ ಸಿಗೋದೇ ಕಡಿಮೆ. ಒಳಗೆ ಕರುಳಿನ ಸುತ್ತ ಇರೋದು ಇದರಿಂದ ಹೋಗಲ್ಲ, ಸುಮ್ನೆ ಮಾಡಿಸ್ಬೇಡಿ" ಅಂದರು. ಯಾವ ಮಷೀನ್ ಅಂದೆ. "ನಿಮ್ಮ ತೊಡೆ ಕೊಬ್ಬು ಮೆತ್ತಗಿದೆ, ಶಾಖದ ಅಗತ್ಯ ಇಲ್ಲ, ಪವರ್ ಅಸಿಸ್ಟೆಡ್ ಸಾಕು" ಅಂದರು. ನನ್ನ ಎರಡು ತಿಂಗಳ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅವರ ಬೆರಳುಗಳಿಂದ.

ಆದರೂ ಪಟ್ಟಿ ಹಿಡಿದು ಎಲ್ಲ ಕೇಳಿದೆ. ಪ್ಲಾಸ್ಟಿಕ್ ಸರ್ಜರಿ ತರಬೇತಿ ಎಲ್ಲಿ, ಎಷ್ಟು ವರ್ಷ? (ಕಾಸ್ಮೆಟಿಕ್ ಸರ್ಜನ್ ಅಂತ ಬೋರ್ಡ್ ಹಾಕಿಕೊಂಡವರೆಲ್ಲ ಪ್ಲಾಸ್ಟಿಕ್ ಸರ್ಜನ್ ಆಗಿರಬೇಕಿಲ್ಲ, ಹಾಗಾಗಿ ನೋಂದಣಿಯನ್ನು ನಾನೇ ಪರಿಶೀಲಿಸಿದೆ.) ಅರಿವಳಿಕೆ ಕೊಡೋರು ಯಾರು? ರಾತ್ರಿ ತೊಂದರೆಯಾದರೆ ಯಾವ ಆಸ್ಪತ್ರೆ? ಎಷ್ಟು ಲೀಟರ್ ತೆಗೀತೀರಿ? ಒಂದೇ ಸಲಕ್ಕೆ 5 ಲೀಟರ್ ದಾಟಿದರೆ ಅಪಾಯ ಜಾಸ್ತಿ, ರಾತ್ರಿಯಿಡೀ ನಿಗಾ ಬೇಕು. ನನ್ನದು ಅದರ ಹತ್ತಿರಕ್ಕೂ ಬರಲ್ಲ ಅಂದರು. ಫೋಟೋ ಕೇಳಿದಾಗ ಚೆನ್ನಾಗಿ ಬಂದಿದ್ದರ ಜೊತೆ, ಏರುಪೇರಾಗಿ ಎರಡನೇ ಸಲ ಮಾಡಬೇಕಾಗಿ ಬಂದ ಒಬ್ಬರದ್ದನ್ನೂ ತೋರಿಸಿದರು. ನನ್ನ ಮನಸ್ಸು ಅಲ್ಲೇ ನಿಂತಿತು.

ಆಪರೇಷನ್ ದಿನ ನಿಲ್ಲಿಸಿಯೇ ಗುರುತು ಹಾಕಿದರು, ಮಲಗಿದರೆ ಕೊಬ್ಬು ಜರುಗುತ್ತದೆ. ತೆಗೆಯುವ ಕಡೆ ಕಪ್ಪು ಗೆರೆ. ಚರ್ಮ ಒಳಗೆ ಬಿಗಿಯಾಗಿ ಅಂಟಿಕೊಂಡಿರುವ, ಮುಟ್ಟಲೇಬಾರದ ಜಾಗಕ್ಕೆ ಕೆಂಪು. ಕೈ ತಪ್ಪಿ ಅಲ್ಲಿ ಎಳೆದರೆ ಗುಳಿ ಬೀಳುತ್ತದಂತೆ. ದ್ರವ ತುಂಬಿದ ಮೇಲೆ ತೊಡೆ ಬೆಳ್ಳಗಾಗಿ ಕಲ್ಲಿನಂತೆ ಗಟ್ಟಿಯಾಯಿತು. ನೋವಿರಲಿಲ್ಲ, ಒಳಗೆ ಏನೋ ಗುದ್ದಿದ ಹಾಗೆ ಅಷ್ಟೇ.

ರಾತ್ರಿ ಸಣ್ಣ ತೂತುಗಳಿಂದ ಗುಲಾಬಿ ಬಣ್ಣದ ನೀರು ಸೋರುತ್ತಲೇ ಇತ್ತು. ಮೊದಲೇ ಹೇಳಿದ್ದರಿಂದ ಹಾಸಿಗೆ ಮೇಲೆ ಹಳೇ ಬಟ್ಟೆ ಹಾಸಿದ್ದೆವು. ಲಿಡೋಕೇನ್ ರಕ್ತದಲ್ಲಿ ಅತಿ ಹೆಚ್ಚಾಗೋದು ಸುಮಾರು 12 ಗಂಟೆ ಕಳೆದ ಮೇಲೆ, ಆದ್ದರಿಂದ ಆ ರಾತ್ರಿ ಒಬ್ಬಳೇ ಇರಬೇಡಿ ಅಂದಿದ್ದರು. ಬಾಯಿ ಸುತ್ತ ಜುಮ್ಮೆಂದರೆ, ಕಿವಿ ಗುಂಯ್‌ಗುಟ್ಟಿದರೆ ತಕ್ಷಣ ಫೋನ್ ಮಾಡಿ, ಉಸಿರು ಕಟ್ಟಿದ ಹಾಗಾದರೆ, ಮೀನಖಂಡ ಊದಿದರೆ ಕಾಯದೆ ಆಸ್ಪತ್ರೆಗೆ ಹೋಗಿ ಅಂತ ಬರೆದೂ ಕೊಟ್ಟಿದ್ದರು.

ಮೂರನೇ ದಿನ ಮುಂಚೆಗಿಂತ ದಪ್ಪ ಕಾಣುತ್ತಿದ್ದೆ, ಎಲ್ಲ ಬಾವು. ಬಿಗಿ ಉಡುಪನ್ನು ಆರು ವಾರ ಹಾಕಿದೆ. ಚರ್ಮದ ಜೋಮು ಹೋಗಲು ತಿಂಗಳುಗಳೇ ಹಿಡಿದವು.

ಈಗ ಒಂಬತ್ತು ತಿಂಗಳು. ಆಕಾರ ನಾನು ಬಯಸಿದ ಹಾಗೇ ಬಂದಿದೆ. ಎಡತೊಡೆಯಲ್ಲಿ ಮಾತ್ರ, ಪಕ್ಕದಿಂದ ಬೆಳಕು ಬಿದ್ದಾಗ, ಒಂದು ಸಣ್ಣ ತಗ್ಗು ಕಾಣುತ್ತದೆ. ನಾನು ಹೇಳುವ ಮೊದಲೇ ಡಾಕ್ಟರೇ ಅದನ್ನು ಬೆರಳಿಟ್ಟು ತೋರಿಸಿದರು. ವರ್ಷ ತುಂಬಲಿ, ಆಮೇಲೆ ನೋಡೋಣ ಅಂದಿದ್ದಾರೆ.