ಸ್ಕ್ಯಾನರ್‌ನ ಲೆಕ್ಕ ಕಂಪ್ಯೂಟರಿಗೆ ಹಾಕುವ ಮುಂಚೆ ಬ್ಯಾಟರಿ ನೋಡಿ

ವಿಜಯಪುರದ ಒಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್‌ನಲ್ಲಿ ಲೆಕ್ಕ ನೋಡುತ್ತೇನೆ. ದಿನವಿಡೀ ಬಾಕ್ಸ್‌ಗಳ ಬಾರ್‌ಕೋಡ್ ಹೊಡೆದು, ಸಂಜೆ ಕಂಪ್ಯೂಟರಿಗೆ ಹಾಕುವಾಗ ಸ್ಕ್ಯಾನರ್ ಅರ್ಧಕ್ಕೇ ಆಫ್ ಆಗಿ, ಹುಡುಗರು ತಲೆ ಮೇಲೆ ಕೈ ಹೊತ್ತು ಕೂತಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಎಲ್ಲರೂ ಬೈಯುವುದು ಕೇಬಲ್‌ಗೆ. ಬಹಳ ಸಲ ತಪ್ಪು ಬ್ಯಾಟರಿಯದು.

ಮೊದಲು ಸ್ಕ್ಯಾನರ್ ಅನ್ನು ಥಂಡಿ ರೂಮಿನಿಂದ ತಂದು ಅರ್ಧ ಗಂಟೆ ಮೇಜಿನ ಮೇಲೆ ಸುಮ್ನೆ ಬಿಡಿ. ಹೊರಗಿನ ಬಿಸಿಲಿಗೆ ಅದರ ಮೇಲೆ ನೀರಿನ ಹನಿ ಕೂರುತ್ತದೆ. ಒರೆಸಿ, ಪಿನ್ ಒಣಗಿದ ಮೇಲೇ ಚಾರ್ಜಿಗೆ ಹಾಕಿ. ಥಂಡಿಯಲ್ಲಿ ಲಿಥಿಯಂ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅಡ್ಡಿ, ಜಾಸ್ತಿಯಾಗುತ್ತದೆ. 30 ಪರ್ಸೆಂಟ್ ತೋರಿಸುತ್ತಿದ್ದರೂ ಲೋಡ್ ಬಿದ್ದ ಕೂಡಲೇ ವೋಲ್ಟೇಜ್ ಕುಸಿದು ಸ್ಕ್ಯಾನರ್ ಆಫ್ ಆಗಬಹುದು.

50 ಪರ್ಸೆಂಟ್ ದಾಟುವವರೆಗೆ ಕಾಯಿರಿ, ಗೋಡೆಯ ಚಾರ್ಜರ್‌ನಲ್ಲೇ. ಹಳೇ ಕಂಪ್ಯೂಟರಿನ ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪ್ ಅಷ್ಟೇ. ಸ್ಕ್ರೀನ್, ವೈಫೈ ಎರಡೂ ಆನ್ ಇದ್ದರೆ ಅದೆಲ್ಲ ಅಲ್ಲೇ ಖರ್ಚು, ಚಾರ್ಜಿಂಗ್ ಗುರುತು ಮಾತ್ರ ಕಾಣುತ್ತಿರುತ್ತದೆ.

ಬ್ಯಾಟರಿ ಸೇವರ್ ಆಫ್ ಮಾಡಿ, ಇಲ್ಲದಿದ್ದರೆ ಡೇಟಾ ಕಳಿಸುವುದನ್ನು ಅದೇ ಅರ್ಧಕ್ಕೆ ನಿಲ್ಲಿಸಬಹುದು.

ಇನ್ನು ಡೇಟಾ ಕಳಿಸುವ ಕೆಲಸ. ಎಲ್ಲರೂ ಕೆಡಿಸುವುದು ಇಲ್ಲೇ, ಅದಕ್ಕೇ ನಿಧಾನವಾಗಿ ಓದಿ. ವೈಫೈ ಬೇಡ, ಕೇಬಲ್ ಹಾಕಿ. ರೂಟರ್ ದೂರ ಇದ್ದರೆ ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಬೇಕಾಗುತ್ತದೆ, ಪ್ರತಿ ಸಲವೂ ರೇಡಿಯೋ ಒಮ್ಮೆಲೇ ಕರೆಂಟ್ ಎಳೆಯುತ್ತದೆ, ಹಳೇ ಬ್ಯಾಟರಿ ತಡೆಯುವುದಿಲ್ಲ. ಕೇಬಲ್ ಗಿಡ್ಡ ಇರಲಿ. ಬಜಾರಿನ ಅಗ್ಗದ ಕೇಬಲ್‌ಗಳಲ್ಲಿ ಕೆಲವಕ್ಕೆ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಡೇಟಾ ಹೋಗುವುದೇ ಇಲ್ಲ. ನಾನಂತೂ ಅಂಥವನ್ನು ಆಫೀಸಿನೊಳಗೇ ಬಿಡುವುದಿಲ್ಲ.

ಫೈಲ್ ಅನ್ನು ಕಾಪಿ ಮಾಡಿ, ಕಟ್ ಮಾಡಲೇಬೇಡಿ. ಕಾಪಿ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಫೈಲ್ ತೆರೆದು ಕೊನೆಯ ಸಾಲಿಗೆ ಹೋಗಿ. ಒಂದು ಸಲ ನಮ್ಮಲ್ಲಿ ಕೊನೆಯ ಸಾಲಿನಲ್ಲಿ 13 ಅಂಕಿ ಇರಬೇಕಾದ ಬಾರ್‌ಕೋಡ್ 7ಕ್ಕೇ ನಿಂತಿತ್ತು, ಅದರ ಕೆಳಗೆ ಏನೂ ಇರಲಿಲ್ಲ. ಬ್ಯಾಟರಿ ಸತ್ತ ಜಾಗ ಅದು. ಫೈಲ್ ಮಾತ್ರ ಸರಿಯಾಗೇ ತೆರೆದಿತ್ತು, ನೋಡದೇ ಇದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಸ್ಕ್ಯಾನರ್ 412 ಬಾಕ್ಸ್ ಅಂದರೆ ಫೈಲ್‌ನಲ್ಲೂ 412 ಸಾಲು ಇರಬೇಕು. ಸರಿಹೋದರೆ ಫೈಲನ್ನು ಪೆನ್‌ಡ್ರೈವ್‌ಗೂ ಒಂದು ಕಾಪಿ ಹಾಕಿ, ಆಮೇಲೆ ಸ್ಕ್ಯಾನರ್‌ನಿಂದ ಅಳಿಸಿ. ಅಲ್ಲಿಯವರೆಗೆ ಡಿಲೀಟ್ ಬಟನ್ ಹತ್ತಿರ ಕೈ ಹೋಗಬಾರದು.

ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದಿದ್ದರೆ ಚಾರ್ಜ್ ಮಾಡಬೇಡಿ, ಒತ್ತಿ ಮುಚ್ಚಲೂ ಬೇಡಿ. ಹೊಸ ಬ್ಯಾಟರಿ ಬರುವವರೆಗೆ ಬಾಕ್ಸ್ ಲೆಕ್ಕ ವಹಿಯಲ್ಲಿ ಪೆನ್ನಿನಿಂದ ಬರೆಯಿರಿ.