ಹೂಳೆತ್ತುವ ಮೊದಲು ಒಯ್ಯುವವರನ್ನು ಹುಡುಕಿದೆವು: ನನ್ನ ಅನುಭವ

ಕುಷ್ಟಗಿ ತಾಲ್ಲೂಕಿನ ಮಸಾರಿ, ಅಂದರೆ ಕೆಂಪು ಮಣ್ಣಿನ, ನಮ್ಮ ಊರಿನ ಕೆರೆಯಿಂದ ಒಂದೇ ಬೇಸಿಗೆಯಲ್ಲಿ ಸುಮಾರು ಆರು ಸಾವಿರ ಟ್ರ್ಯಾಕ್ಟರ್ ಹೂಳು ಹೊಲಗಳಿಗೆ ಹೋಯಿತು. ಟ್ರಾಲಿಗೆ ಮೂರು ಘನ ಮೀಟರ್ ಎಂದು ಹಿಡಿದರೆ, ಹೆಚ್ಚುಕಡಿಮೆ ಒಂದು ಕೋಟಿ ಎಂಬತ್ತು ಲಕ್ಷ ಲೀಟರ್ ನೀರಿಗೆ ಹೊಸದಾಗಿ ಜಾಗವಾಯಿತು. ತುಂಗಭದ್ರಾ ಜಲಾಶಯದ 133 ಟಿಎಂಸಿ ಸಾಮರ್ಥ್ಯವೇ ಹೂಳಿನಿಂದ ಸುಮಾರು 105ಕ್ಕೆ ಇಳಿದು ಕುಳಿತಿರುವಾಗ ನಿಮ್ಮಿಂದ ಏನಾದೀತು ಎಂದು ಕೇಳಿದವರು ಬಹಳ ಮಂದಿ. ಕೊಪ್ಪಳದ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ 2019ರಲ್ಲಿ ಹಿರೇಹಳ್ಳ ಸ್ವಚ್ಛವಾದದ್ದನ್ನು ನೆನಪಿಸಿದರೆ, ‘ಅಲ್ಲಿ ಮಠವಿತ್ತು, ನಿಮ್ಮ ಹಿಂದೆ ಯಾರಿದ್ದಾರೆ?’ ಎನ್ನುತ್ತಿದ್ದರು. ಅದು ನ್ಯಾಯವಾದ ಪ್ರಶ್ನೆಯೇ. ಎಲ್ಲರೂ ಮಾತು ಕೇಳುವಂಥ ಹಿರಿಯರೊಬ್ಬರು ಇಲ್ಲದ ಊರಿನಲ್ಲಿ ಪಾಲುದಾರರನ್ನು ಹೇಗೆ ಕೂಡಿಸಿದೆವು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ. ಏರಿ (ಕೆರೆಯ ಕಟ್ಟೆ), ತೂಬು (ನೀರು ಬಿಡುವ ಕಿಂಡಿ), ಕೋಡಿ (ಹೆಚ್ಚಾದ ನೀರು ಹೊರಹೋಗುವ ದಾರಿ) ಇವುಗಳ ಕೆಲಸ ಈ ದಾರಿಯಲ್ಲಿರುವವರಿಗೆಲ್ಲ ಗೊತ್ತಿರುವಂಥದ್ದು.

ಮೊದಲ ವರ್ಷ ಎಲ್ಲರಂತೆ ನಾವೂ ಮನೆಮನೆಗೆ ಹೋಗಿ ವಂತಿಗೆ ಎತ್ತಿದೆವು. ನಲವತ್ತು ಸಾವಿರ ರೂಪಾಯಿಯಷ್ಟು ಕೂಡಿತು. ಜೆಸಿಬಿ ನಾಲ್ಕೈದು ದಿನ ಓಡುವಷ್ಟರಲ್ಲಿ ಹಣ ಮುಗಿಯಿತು, ಅಗೆದ ಹೂಳು ಕೆರೆಯಂಗಳದಲ್ಲೇ ಗುಡ್ಡೆಯಾಗಿ ಉಳಿಯಿತು, ಮೃಗಶಿರಾ ಮಳೆಗೆ ಅದರಲ್ಲಿ ಅರ್ಧ ಕರಗಿ ಅಗೆದ ಗುಂಡಿಗೇ ಇಳಿಯಿತು. ಹಣ ಕೊಟ್ಟವರೆಲ್ಲ ಕೇಳಿದ್ದು ಒಂದೇ ಮಾತು: ನಮ್ಮ ದುಡ್ಡು ಎಲ್ಲಿ ಹೋಯಿತು? ಮರುವರ್ಷ ಕಾರ್ಖಾನೆಯೊಂದರ ಬಳಿ ಹೋದೆವು. ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನಂತೆ ಸರಾಸರಿ ಲಾಭದ ಶೇ. 2ರಷ್ಟನ್ನು ಅವರು ಸಮಾಜಕ್ಕೆ ಖರ್ಚು ಮಾಡಬೇಕು, ನಿಜ. ಆದರೆ ಆ ಹಣವನ್ನು ಪಡೆದು ಕೆಲಸ ಮಾಡುವ ಸಂಸ್ಥೆ ನೋಂದಣಿಯಾಗಿರಬೇಕು, 2021ರಿಂದ ಇಂಥ ಹಣದ ಕೆಲಸಕ್ಕೆ ಹೆಸರು ದಾಖಲಿಸುವ ಸಿಎಸ್ಆರ್-1 ಎಂಬ ನಮೂನೆಯನ್ನೂ ಸರ್ಕಾರಕ್ಕೆ ಸಲ್ಲಿಸಿರಬೇಕು. ನಮ್ಮ ಬಳಿ ಒಂದು ರಸೀದಿ ಪುಸ್ತಕವೂ ಇರಲಿಲ್ಲ. ಆ ಬೇಸಿಗೆ ಓಡಾಟದಲ್ಲೇ ಕಳೆಯಿತು.

ಕೆಲಸ ಕೂಡಿ ಬಂದದ್ದು ಕ್ರಮವನ್ನು ತಿರುಗಿಸಿದ ಮೇಲೆ. ಹಣ ಕೊಡುವವರಿಗಿಂತ ಮೊದಲು ಹೂಳು ಬೇಕಾದವರನ್ನು ಹುಡುಕಿದೆವು. ಎರೆ, ಅಂದರೆ ಕಪ್ಪು ಮಣ್ಣಿನ, ಹೊಲದವರಿಗೆ ಕೆರೆಯ ಮಣ್ಣಿನಿಂದ ಹೆಚ್ಚಿನ ಲಾಭವಿಲ್ಲ. ನೀರು ಹಿಡಿಯದ ಮಸಾರಿ ಹೊಲದವರಿಗೆ ಅದು ಬಂಗಾರ. ಅಂಥವರ ಪಟ್ಟಿ ಮಾಡಿ, ಟ್ರಿಪ್ಪಿಗೆ ಐವತ್ತು ರೂಪಾಯಿಯ ಚೀಟಿಯನ್ನು ಮುಂಗಡವಾಗಿ ಮಾರಿದೆವು. ಟ್ರ್ಯಾಕ್ಟರ್ ಬಾಡಿಗೆ, ದೂರದ ಮೇಲೆ ಮುನ್ನೂರರ ಆಜುಬಾಜು, ರೈತನದೇ. ಚೀಟಿಯಿಂದಲೇ ಸುಮಾರು ಮೂರು ಲಕ್ಷ ಬಂದಿತು. ಮೊದಲ ಇಪ್ಪತ್ತು ಮಂದಿಯನ್ನು ಯಾವ ಓಣಿಯಿಂದ, ಯಾವ ಲೆಕ್ಕದಲ್ಲಿ ಆರಿಸಿದೆವು ಎಂಬುದನ್ನು ನಾನು ಬರೆಯುವುದಿಲ್ಲ. ಇಡೀ ಯೋಜನೆಯ ಕೀಲಿ ಅದು, ನಮ್ಮೂರಿಗೆ ಬಂದು ಕೇಳಿದವರಿಗೆ ಕೂರಿಸಿಕೊಂಡು ಹೇಳುತ್ತೇನೆ.

ಆ ಪಟ್ಟಿಯನ್ನು ಹಿಡಿದುಕೊಂಡೇ ಇನ್ನೊಂದು ಕಾರ್ಖಾನೆಗೆ ಹೋದೆವು. ನಮಗೆ ಹಣ ಬೇಡ, ಯಂತ್ರದ ಮಾಲೀಕರಿಗೆ ನೀವೇ ನೇರವಾಗಿ ಬಿಲ್ ಪಾವತಿಸಿ ಎಂದೆವು. ಕಂಪನಿಯೇ ಸ್ವತಃ ಕೆಲಸ ನಡೆಸಿದರೆ ನಮ್ಮ ನೋಂದಣಿಯ ಪ್ರಶ್ನೆಯೇ ಬರುವುದಿಲ್ಲ. ಅವರು ಎರಡೂವರೆ ಲಕ್ಷದಷ್ಟು ಕೊಟ್ಟರು. ಚೀಟಿಯ ಹಣವೂ ಸೇರಿ ಐದೂವರೆ ಲಕ್ಷವಾಯಿತು. ಜೆಸಿಬಿ ಗಂಟೆಗೆ ಸಾವಿರದ ನೂರರಂತೆ ಐನೂರು ಗಂಟೆ ಓಡಿತು ಎಂದರೆ ಲೆಕ್ಕ ಸರಿಹೋಗುತ್ತದೆ. ನಮ್ಮದು 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ (ನೀರು ಪಡೆಯುವ ಜಮೀನಿನ) ಕೆರೆಯಾದ್ದರಿಂದ ಸಣ್ಣ ನೀರಾವರಿ ಇಲಾಖೆಗೆ ಅಲೆಯಬೇಕಾಗಲಿಲ್ಲ, ಗ್ರಾಮ ಪಂಚಾಯಿತಿಯ ಠರಾವು (ನಿರ್ಣಯ) ಪಡೆದೆವು. ಉದ್ಯೋಗ ಖಾತ್ರಿಯಲ್ಲಿ ಯಂತ್ರ ಬಳಸುವಂತಿರಲಿಲ್ಲ. ಆದ್ದರಿಂದ ಏರಿಯ ಜಾಲಿ ಕಡಿಯುವುದು ಮತ್ತು ಕೆರೆಗೆ ನೀರು ತರುವ ಹಳ್ಳದ ದುರಸ್ತಿಯನ್ನು ಮಾತ್ರ ಬೇರೆ ಕಾಮಗಾರಿಯಾಗಿ ಕೂಲಿಯವರಿಗೆ ಬಿಟ್ಟೆವು. ಎರಡನ್ನೂ ಒಂದೇ ಕಡತಕ್ಕೆ ಸೇರಿಸಿದ್ದರೆ ಎರಡೂ ನಿಲ್ಲುತ್ತಿದ್ದವು.

ಚೀಟಿಯ ಲೆಕ್ಕವನ್ನು ಸ್ತ್ರೀಶಕ್ತಿ ಸಂಘದವರಿಗೆ ಒಪ್ಪಿಸಿದ್ದು ನಮ್ಮ ಅತ್ಯುತ್ತಮ ನಿರ್ಧಾರವೆಂದು ಇಂದಿಗೂ ಹೇಳುತ್ತೇನೆ. ಏರಿಯ ಮೇಲೆ ಇಬ್ಬರು ಕುಳಿತು, ಚೀಟಿಯಿಲ್ಲದ ಟ್ರಾಲಿಯನ್ನು, ಅದು ಸದಸ್ಯರದೇ ಆಗಿರಲಿ, ಖಾಲಿಯಾಗಿ ತಿರುಗಿಸಿ ಕಳಿಸಿದರು. ಆ ದಿನದ ಟ್ರಿಪ್ಪು, ಯಂತ್ರದ ಗಂಟೆ, ಉಳಿದ ಹಣ ಸಂಜೆಯೊಳಗೆ ಹನುಮಪ್ಪನ ಗುಡಿಯ ಗೋಡೆಯ ಹಲಗೆಯ ಮೇಲೆ ಬರುತ್ತಿತ್ತು. ದುಡ್ಡು ಎಲ್ಲಿ ಹೋಯಿತೆಂದು ಆ ಬೇಸಿಗೆಯಲ್ಲಿ ಒಬ್ಬರೂ ಕೇಳಲಿಲ್ಲ.

ಅತಿ ಕಷ್ಟದ ಪಾಲುದಾರರೆಂದರೆ ಕುರಿಗಾರರು. ನೇರವಾಗಿ ಅಗೆದ ದಂಡೆಯಿಂದ ಕುರಿ ನೀರಿಗಿಳಿಯಲಾರದು ಎಂದು ಅವರು ಯಂತ್ರದ ಮುಂದೆ ನಿಂತರು. ಅವರ ಮಾತು ಸರಿಯಾಗಿತ್ತು. ಮೂಡಣ ಬದಿಯನ್ನು ಇಳಿಜಾರಾಗಿ ಬಿಟ್ಟುಕೊಟ್ಟೆವು. ಸುಮಾರು ಮುನ್ನೂರು ಟ್ರಿಪ್ ಹೂಳು ಅಲ್ಲಿ ಉಳಿಯಿತೆನ್ನಿ. ಪ್ರತಿಯಾಗಿ ಹೂಳು ಹಾಕಿದ ಹೊಲಗಳಲ್ಲಿ ಮೊದಲ ಸರದಿಗೆ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಲು ಒಪ್ಪಿದರು, ಅದೂ ಅರ್ಧ ದರಕ್ಕೆ. ಹೂಳಿಗೆ ಕುರಿಗೊಬ್ಬರ ಕೂಡಿದ ಹೊಲಗಳಲ್ಲಿ ಆ ವರ್ಷದ ಸಜ್ಜೆಯನ್ನು ನೋಡಲು ಪಕ್ಕದೂರಿನವರು ಬಂದರು. ಕೆರೆಯಂಗಳದಲ್ಲಿ ಸೂರ್ಯಕಾಂತಿ ಬಿತ್ತುತ್ತಿದ್ದ ನಾಲ್ಕು ಮನೆತನದವರಿಗೆ ಮೊದಲ ನೂರು ಟ್ರಿಪ್ಪನ್ನು ಚೀಟಿಯಿಲ್ಲದೆ ಕೊಟ್ಟೆವು. ಜಗಳಕ್ಕಿಂತ ಅದು ಅಗ್ಗವಾಯಿತು.

ನಡುವೆ ನನ್ನ ಹೊಲದಲ್ಲೇ ಒಂದು ಪರೀಕ್ಷೆ ಮಾಡಿದೆ. ಒಂದು ಪಟ್ಟಿಗೆ ಎರಡು ಇಂಚು, ಇನ್ನೊಂದಕ್ಕೆ ನಾಲ್ಕು ಇಂಚಿನಷ್ಟು ಹೂಳು ಹರವಿ ಶೇಂಗಾ ಬಿತ್ತಿದೆ. ನಾಲ್ಕು ಇಂಚಿನದು ಮೇಲೆ ಗಟ್ಟಿಯಾಗಿ ಬಿರುಕು ಬಿಟ್ಟಿತು, ಕಾಯಿ ಕೀಳುವಾಗ ಅರ್ಧ ನೆಲದಲ್ಲೇ ಉಳಿಯಿತು. ಎರಡು ಇಂಚಿನ ಪಟ್ಟಿಯಲ್ಲಿ ಎಕರೆಗೆ ಒಂದೂವರೆ ಚೀಲ ಹೆಚ್ಚು ಬಂದ ನೆನಪು. ಅಂದಿನಿಂದ ಎಕರೆಗೆ ಇಷ್ಟೇ ಟ್ರಿಪ್ ಎಂದು ಮಿತಿ ಹಾಕಿದೆವು. ಅದರಿಂದ ಹೂಳು ಮತ್ತಷ್ಟು ಮನೆಗಳಿಗೆ ಹಂಚಿಕೆಯಾಗಿ, ಪಾಲುದಾರರ ಸಂಖ್ಯೆಯೂ ಬೆಳೆಯಿತು.

ಈಗ ಸುತ್ತಲಿನ ಊರಿನವರು ಯಂತ್ರದ ಮಾಲೀಕರ ನಂಬರ್ ಕೇಳಿಕೊಂಡು ಬರುತ್ತಾರೆ. ಮುಂಗಡ ಕೊಟ್ಟ ಐವತ್ತು ರೈತರ ಪಟ್ಟಿಯನ್ನು ತನ್ನಿ, ಅನಂತರ ನಂಬರ್ ಕೊಡುತ್ತೇನೆ ಎನ್ನುತ್ತೇನೆ. ಇಬ್ಬರು ಬೇಸರದಿಂದ ಹಿಂತಿರುಗಿದರು. ಹನುಮಸಾಗರದ ಕಡೆಯ ಒಂದು ಊರಿನವರು ಅರವತ್ತಕ್ಕೂ ಹೆಚ್ಚು ಹೆಸರುಗಳ ಪಟ್ಟಿಯೊಡನೆ ಬಂದಿದ್ದಾರೆ. ಯುಗಾದಿ ಕಳೆದ ಮೇಲೆ ಅವರ ಕೆರೆಗೆ ಜೆಸಿಬಿ ಹೋಗಲಿದೆ, ಚೀಟಿ ಬರೆಯುವುದನ್ನು ಕಲಿಸಲು ನಮ್ಮ ಸಂಘದ ಇಬ್ಬರು ಹೆಣ್ಣುಮಕ್ಕಳೂ ಹೋಗುತ್ತಿದ್ದಾರೆ.