ಸಂಜೆ ಕ್ಲಾಸಿನಲ್ಲಿ ಫೈನಾನ್ಶಿಯಲ್ ಮ್ಯಾಥ್ಸ್: ಮೊದಲ ಸಲ ಕಲಿಸುವವರಿಗೆ

ಹಗಲು ನಾನು ರಿಸ್ಕ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ವಾರಕ್ಕೊಂದು ಸಂಜೆ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಕ್ಕಳಿಗೆ ಎರಡು ಗಂಟೆ ಪಾಠ. ಇದು ಆರನೇ ವರ್ಷ. ನಿಮಗೂ ಇಂಥ ಅವಕಾಶ ಬಂದಿದ್ದರೆ ಖಂಡಿತ ಒಪ್ಪಿಕೊಳ್ಳಿ. ಆದರೆ ಅದಕ್ಕೂ ಮೊದಲು ಮಕ್ಕಳು ಪ್ರೊಬಬಿಲಿಟಿ ಎಲ್ಲಿಯವರೆಗೆ ಓದಿದ್ದಾರೆ ಅಂತ ಕೇಳಿಕೊಳ್ಳಿ. ಸಿಲಬಸ್ ನೋಡಿದರೆ ಅದು ಗೊತ್ತಾಗುವುದಿಲ್ಲ.

ನಾನು ಕೇಳಿರಲಿಲ್ಲ. ಮೊದಲ ವರ್ಷ ಎರಡನೇ ವಾರಕ್ಕೇ ಇಟೊ ಲೆಮ್ಮಾ (ಯಾದೃಚ್ಛಿಕವಾಗಿ ಏರಿಳಿಯುವ ಬೆಲೆಗಳ ಕ್ಯಾಲ್ಕುಲಸ್ ನಿಯಮ) ಶುರು ಮಾಡಿದೆ. ಕ್ಲಾಸು ಸದ್ದಿಲ್ಲದೆ ಬರೆದುಕೊಳ್ಳುತ್ತಿತ್ತು. ಅರ್ಥವಾಗುತ್ತಿದೆ ಅಂದುಕೊಂಡೆ. ಟೆಸ್ಟಿನಲ್ಲಿ ಆಪ್ಷನ್ ಬೆಲೆ ಲೆಕ್ಕ ಹಾಕುವ ಬ್ಲ್ಯಾಕ್–ಷೋಲ್ಸ್ ಸೂತ್ರವನ್ನು ಎಲ್ಲರೂ ಸರಿಯಾಗಿ ಬರೆದಿದ್ದರು. ಷೇರಿನ ಸರಾಸರಿ ಏರಿಕೆ ಆ ಸೂತ್ರದಲ್ಲಿ ಯಾಕಿಲ್ಲ ಅನ್ನುವ ಪ್ರಶ್ನೆಗೆ ಮಾತ್ರ ಒಬ್ಬರಿಂದಲೂ ಸರಿ ಉತ್ತರ ಬರಲಿಲ್ಲ. ಈ ವಿಷಯದ ಜೀವವೇ ಆ ಪ್ರಶ್ನೆಯಲ್ಲಿದೆ, ಅಲ್ವಾ?

ಈಗ ಮೊದಲ ಎರಡು ಗಂಟೆ ಪೂರ್ತಿ ಒಂದೇ ಲೆಕ್ಕ. ಷೇರಿನ ಬೆಲೆ ಇವತ್ತು 100. ನಾಳೆ 120 ಅಥವಾ 90. ಬಡ್ಡಿ ಸೊನ್ನೆ. ನಾಳೆ ಆ ಷೇರನ್ನು 100ಕ್ಕೆ ಕೊಳ್ಳುವ ಹಕ್ಕು ಕೊಡುವ ಕಾಲ್ ಆಪ್ಷನ್ ಒಂದಿದೆ; ಬೆಲೆ ಏರಿದರೆ ಅದರಿಂದ 20 ಸಿಗುತ್ತದೆ, ಇಳಿದರೆ ಏನೂ ಇಲ್ಲ. ಬೆಲೆ ಏರುವ ಸಾಧ್ಯತೆ ಶೇ 80 ಅಂತ ಹೇಳಿ, ಆಪ್ಷನ್‌ಗೆ ಎಷ್ಟು ಕೊಡುತ್ತೀರಿ ಎಂದು ಕೇಳುತ್ತೇನೆ. ಹೆಚ್ಚಿನವರು 20ರ ಶೇ 80 ತೆಗೆದು 16 ಅನ್ನುತ್ತಾರೆ. ಸರಿ, ತಲಾ 16ರಂತೆ ಮೂರು ಆಪ್ಷನ್ ಮಾರುತ್ತೇನೆ, ಯಾರಿಗೆ ಬೇಕು? ತುಂಬಾ ಕೈಗಳು ಏಳುತ್ತವೆ.

ಆಮೇಲೆ ಬೋರ್ಡಿನ ಮೇಲೆ ಬರೆಯುತ್ತೇನೆ. ನನಗೆ 48 ಬಂತು. ಅದರಲ್ಲಿ 20 ತೆಗೆದು, 180 ಸಾಲ ಮಾಡಿ, ಎರಡು ಷೇರು ಕೊಂಡೆ. ಬೆಲೆ 120 ಆದರೆ ಷೇರು ಮಾರಿ 240 ಸಿಗುತ್ತದೆ. ಸಾಲ ತೀರಿಸಿದರೆ 60 ಉಳಿಯುತ್ತದೆ, ಮೂರು ಆಪ್ಷನ್‌ಗೆ ಕೊಡಬೇಕಾದದ್ದೂ ಅಷ್ಟೇ. 90 ಆದರೆ 180 ಸಿಗುತ್ತದೆ, ಸಾಲಕ್ಕೆ ಸರಿಹೋಗುತ್ತದೆ. ಏರಲಿ, ಇಳಿಯಲಿ, 28 ನನ್ನ ಕೈಯಲ್ಲೇ ಇರುತ್ತದೆ. ಹಾಗಾದರೆ ಮೂರು ಆಪ್ಷನ್‌ನ ನಿಜವಾದ ಬೆಲೆ 20, ಒಂದಕ್ಕೆ 6.67. ಆ ಶೇ 80 ಎಲ್ಲಿ ಹೋಯಿತು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೂಡಲೇ ಉತ್ತರ ಹೇಳಬೇಡಿ, ಅವರವರೇ ವಾದ ಮಾಡಲಿ. ಮೂರು ಆಪ್ಷನ್ ಯಾಕೆ ಅಂದರೆ, ಒಂದೇ ತೆಗೆದುಕೊಂಡರೆ ಷೇರಿನ ಮೂರನೇ ಎರಡು ಭಾಗ ಕೊಳ್ಳಬೇಕಾಗುತ್ತದೆ, ಗಮನವೆಲ್ಲ ಭಿನ್ನರಾಶಿಗೆ ಹೋಗುತ್ತದೆ.

ಮುಂದಿನ ವಾರಗಳಲ್ಲಿ, ಬೆಲೆ ಹೀಗೆ ಎರಡು ಕವಲಾಗಿ ಒಡೆಯುವ ಇದೇ ಮರವನ್ನು ಎರಡು ಹೆಜ್ಜೆ, ಹತ್ತು ಹೆಜ್ಜೆ, ನೂರು ಹೆಜ್ಜೆಗೆ ಬೆಳೆಸಿ. ಸ್ಪ್ರೆಡ್‌ಶೀಟ್ ಸಾಕು. ಉತ್ತರ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುತ್ತಾ ಬ್ಲ್ಯಾಕ್–ಷೋಲ್ಸ್ ಬೆಲೆಯ ಹತ್ತಿರ ಬರುವುದನ್ನು ಅವರೇ ನೋಡಬೇಕು. ಇತಿಹಾಸದಲ್ಲಿ ಸೂತ್ರ ಬಂದದ್ದು 1973ರಲ್ಲಿ. ಕಾಕ್ಸ್, ರಾಸ್ ಮತ್ತು ರುಬಿನ್‌ಸ್ಟೈನ್ ಈ ಮರವನ್ನು ಪ್ರಕಟಿಸಿದ್ದು 1979ರಲ್ಲಿ. ಪಾಠಕ್ಕೆ ಈ ಕ್ರಮ ತಿರುಗಿಸುವುದೇ ಒಳ್ಳೆಯದು.

ಮಾದರಿಯ ಮಿತಿಗೂ ಒಂದು ಪೂರ್ತಿ ಕ್ಲಾಸು ಇಡಿ. 1987ರ ಅಕ್ಟೋಬರ್ 19ರಂದು ಅಮೆರಿಕದ ಷೇರು ಸೂಚ್ಯಂಕ ಡೌ ಜೋನ್ಸ್ ಒಂದೇ ದಿನ ಶೇ 22.6 ಕುಸಿಯಿತು. ವರ್ಷದ ವೊಲಾಟಿಲಿಟಿ (ಬೆಲೆಯ ಏರಿಳಿತದ ಅಳತೆ) ಶೇ 20 ಅಂತಿಟ್ಟುಕೊಂಡರೆ ದಿನಕ್ಕೆ ಸುಮಾರು ಶೇ 1.26 ಆಗುತ್ತದೆ. ಆ ಕುಸಿತ ಅದರ ಸುಮಾರು 18 ಪಟ್ಟು. ಈ ಮಾದರಿ ನಂಬಿಕೊಂಡಿರುವ ನಾರ್ಮಲ್ ಡಿಸ್ಟ್ರಿಬ್ಯೂಷನ್‌ನಲ್ಲಿ ಅಂಥ ದಿನಕ್ಕೆ ಜಾಗವೇ ಇಲ್ಲದಂತೆ. ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ.

ಉಳಿದದ್ದು ವ್ಯವಸ್ಥೆಯ ಮಾತು. ಕಂಪನಿಯಿಂದ ಲಿಖಿತ ಅನುಮತಿ ತೆಗೆದುಕೊಳ್ಳಿ. ಆಫೀಸಿನ ಡೇಟಾ, ಗ್ರಾಹಕರ ಉದಾಹರಣೆ ಕ್ಲಾಸಿಗೆ ತರಲೇಬೇಡಿ, ಹೆಸರು ಅಳಿಸಿಯೂ ಬೇಡ. ಮೊದಲ ವರ್ಷ ಎರಡು ಗಂಟೆಯ ಪಾಠಕ್ಕೆ ನನಗೆ ಐದು ಗಂಟೆ ತಯಾರಿ ಬೇಕಾಗುತ್ತಿತ್ತು, ಆ ಸಮಯ ಮೊದಲೇ ಎತ್ತಿಡಿ. ನೀವು ಬೇರೆ ದಿನ ಕ್ಯಾಂಪಸ್ಸಿನಲ್ಲಿ ಸಿಗುವುದಿಲ್ಲ. ಅದಕ್ಕೇ ಕ್ಲಾಸಿಗೆ ಅರ್ಧ ಗಂಟೆ ಮುಂಚೆ ಹೋಗಿ ಕೂತಿರಿ. ಎಲ್ಲರ ಮುಂದೆ ಕೇಳಲು ಹಿಂಜರಿಯುವ ಮಕ್ಕಳು ಆಗಲೇ ಬರುವುದು.

ಪ್ರಶ್ನೆಪತ್ರಿಕೆಯನ್ನು ಮೊದಲು ನೀವೇ ಪೆನ್ನು ಹಿಡಿದು ಬಿಡಿಸಿ, ಅದರ ಮೂರು ಪಟ್ಟು ಸಮಯ ಕೊಡಿ. ನಾನು ಪ್ರತಿ ವರ್ಷ ಇಡುವ ಪ್ರಶ್ನೆ ಒಂದಿದೆ: ಷೇರಿನ ಬೆಲೆ 100ರಲ್ಲೇ ಇದೆ, ಏರುವ ಸಾಧ್ಯತೆ ಶೇ 80ರಿಂದ 50ಕ್ಕೆ ಇಳಿದಿದೆ. ಆಪ್ಷನ್ ಬೆಲೆ ಏನಾಗುತ್ತದೆ? ಸೂತ್ರ ಬಳಸದೆ ಕಾರಣ ಬರೆಯಿರಿ.